ಪಿಳ್ಳಮ್ಮನ ಹೊಲಕ್ಕೆ ಮಿಷನ್ ಹೇಳಿದ ದರ

ಭೂಸ್ವಾಧೀನದ ಕೆಲಸಕ್ಕೆ ಹೊಸದಾಗಿ ಸೇರಿದವರು ಮದುವೆ ಮನೆಯಲ್ಲೋ ಗೃಹಪ್ರವೇಶದಲ್ಲೋ ಸಿಕ್ಕಾಗ ನನ್ನನ್ನು ತಪ್ಪದೆ ಒಂದು ಮಾತು ಕೇಳುತ್ತಾರೆ. "ನಿಮ್ ಕಾಲ್ದಲ್ಲಿ ಕಂಪ್ಯೂಟರ್ ಇರ್ಲಿಲ್ವಲ್ಲ ಅಂಕಲ್, ಜಮೀನಿನ ರೇಟು ಹೇಗೆ ಡಿಸೈಡ್ ಮಾಡ್ತಿದ್ರಿ?" ಇರಲಿಲ್ಲ ಅಂತ ಯಾರು ಹೇಳಿದರು? ಇತ್ತು. ಒಂದು ಇಡೀ ಕೋಣೆಯ ತುಂಬ ಇತ್ತು. ಅದು ಹೇಳಿದ ದರವನ್ನು ಹಿಡಿದುಕೊಂಡು ಹಳ್ಳಿಗೆ ಹೋಗಿ, ಜಗಲಿ ಮೇಲೆ ಕೂತು ಚೌಕಾಸಿ ಮಾಡಿದವರಲ್ಲಿ ನಾನೇ ಮೊದಲಿಗ. ಅದನ್ನು ನಂಬಿ ತಲೆ ತಗ್ಗಿಸಿದವರಲ್ಲೂ ನಾನೇ ಮೊದಲಿಗ ಇರಬೇಕು. ಆ ಕಥೆಯನ್ನು ಬರೆದಿಡೋಣ ಅನ್ನಿಸಿತು. ಯಾವ ವರ್ಷ ಯಾವ ಕುರ್ಚಿ ಸಿಕ್ಕಿತು ಎಂಬುದೆಲ್ಲ ಪಿಂಚಣಿ ಕಾಗದಗಳಲ್ಲಿದೆ, ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ನಾನಿದ್ದದ್ದು ಕಾರ್ಖಾನೆಗಳಿಗೆ ಜಾಗ ಒದಗಿಸುವ ಒಂದು ನಿಗಮದಲ್ಲಿ. ಬೆಂಗಳೂರಿನ ಸುತ್ತಲಿನ ಹಳ್ಳಿಗಳ ಹೊಲಗಳನ್ನು ಕೊಂಡು, ಸಮ ಮಾಡಿ, ರಸ್ತೆ ಹಾಕಿ, ಕಾರ್ಖಾನೆಯವರಿಗೆ ಹಂಚುವುದು ನಿಗಮದ ಕೆಲಸ. ಸರ್ಕಾರದ ನೋಟೀಸು ಹೊರಟ ಮೇಲೆ ರೈತ ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಳೆದಾಡುತ್ತದೆ. ಅದಕ್ಕೆ ಬದಲು ಇಬ್ಬರೂ ಕೂತು ಮಾತಾಡಿ ಒಂದು ದರಕ್ಕೆ ಬಂದರೆ ಅದನ್ನು ಒಪ್ಪಿಗೆ ದರ ಎನ್ನುತ್ತಿದ್ದೆವು. ಹಾಗೆ ಕೂತು ಮಾತಾಡುವವನು ನಾನು.

ಮಾತಾಡುವುದನ್ನು ಕಲಿಸಿದವರು ನನ್ನ ಮೇಲಧಿಕಾರಿ ವೆಂಕಟೇಶಯ್ಯನವರು. ಎಪ್ಪತ್ತರ ದಶಕದಲ್ಲಿ ಪೀಣ್ಯದ ಕಡೆ, ಲಗ್ಗೆರೆಯ ಕಡೆ ಅವರ ಹಿಂದೆ ಸೈಕಲ್ ತುಳಿದುಕೊಂಡು ತಿರುಗಿದ್ದೇನೆ. ಅವರದು ವಿಚಿತ್ರ ಪದ್ಧತಿ. ಮೊದಲ ಸಲ ಹೋದಾಗ ದರದ ಮಾತೇ ಎತ್ತುತ್ತಿರಲಿಲ್ಲ. ನೀರು ಕೇಳಿ ಕುಡಿದು, ಹಸು ಎಷ್ಟು ಕರೆಯುತ್ತದೆ ಎಂದು ವಿಚಾರಿಸಿ ಎದ್ದುಬಿಡುತ್ತಿದ್ದರು. ಎರಡನೆಯ ಸಲ ಹೊಲದ ಬದುವಿನ ಮೇಲೆ ಒಂದು ಸುತ್ತು. ಮೂರನೆಯ ಸಲ ಹೊತ್ತಿಗೆ ರೈತನೇ ತಾಳ್ಮೆಗೆಟ್ಟು, "ಸ್ವಾಮಿ, ಅದೇನ್ ಕೊಡ್ತೀರೋ ಬಾಯ್ಬಿಡಿ" ಅನ್ನುತ್ತಿದ್ದ. ಆಗ ಅವರು ಹೆಗಲ ಮೇಲಿನ ಟವೆಲ್ ತೆಗೆದು, ದನದ ವ್ಯಾಪಾರದವರ ಹಾಗೆ ಅದರ ಮರೆಯಲ್ಲಿ ರೈತನ ಬೆರಳು ಹಿಡಿದು ದರ ತಿಳಿಸುತ್ತಿದ್ದರು. ಸರ್ಕಾರಿ ವ್ಯವಹಾರಕ್ಕೆ ಟವೆಲ್ಲಿನ ಮರೆ ಯಾಕೆ ಸಾರ್ ಎಂದು ಒಮ್ಮೆ ಕೇಳಿದೆ. "ಮರ್ಯಾದೆ ಕಣಯ್ಯ. ಹತ್ತು ಜನದ ಮುಂದೆ ಅವನ ಜಮೀನಿಗೆ ಬೆಲೆ ಕೂಗೋದಕ್ಕೆ ಅದೇನು ಹರಾಜಾ?" ಎಂದರು.

ನಾನೋ, ಹೊಸ ಬೂಟು ಕೊಂಡ ಹುಮ್ಮಸ್ಸಿನವನು. ಲಗ್ಗೆರೆಯಲ್ಲಿ ಒಬ್ಬ ರೈತ ರಾಗಿ ಕಣ ಮಾಡಿದ್ದ. ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಪೂಜೆ ಮಾಡಿ ಹೂವಿಟ್ಟಿದ್ದ. ನಾನು ಫೈಲು ಹಿಡಿದುಕೊಂಡು ಬೂಟುಗಾಲಲ್ಲಿ ಟಕಟಕ ಎಂದು ನಡುವೆ ಹೋಗಿ ನಿಂತು ನಮಸ್ಕಾರ ಎಂದೆ. ಅವನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಹದಿನೈದು ದಿನ ತೆಗೆಯಲಿಲ್ಲ ಎಂದರೆ ಸುಳ್ಳಾಗುತ್ತದೆ, ನನಗೆ ಮಾತ್ರ ತೆಗೆಯಲಿಲ್ಲ. ವೆಂಕಟೇಶಯ್ಯನವರು ಹೋಗಿ ಸಮಾಧಾನ ಮಾಡಿ ಬಂದರು. ದಾರಿಯುದ್ದಕ್ಕೂ ನನ್ನನ್ನು ಬೈಯಲಿಲ್ಲ, ಬೂಟು ಎಷ್ಟು ಕೊಟ್ಟೆ ಎಂದು ಮಾತ್ರ ಕೇಳಿದರು.

ಎಂಬತ್ತರ ದಶಕಕ್ಕೆ ಕಾಲಿಟ್ಟ ಮೇಲೆ ನಮ್ಮ ಕೆಲಸ ಹೊಸೂರು ರಸ್ತೆಯ ಕಡೆಗೆ ಹೊರಳಿತು. ಬೊಮ್ಮನಹಳ್ಳಿ ದಾಟಿ, ಬೊಮ್ಮಸಂದ್ರದ ಸುತ್ತಮುತ್ತ. ಒಂದೊಂದು ಹಳ್ಳಿಯಲ್ಲೂ ನೂರಾರು ಹಿಡುವಳಿ. ಒಬ್ಬ ಅಧಿಕಾರಿ ಒಂದು ದರ, ಇನ್ನೊಬ್ಬ ಇನ್ನೊಂದು ದರ ಒಪ್ಪಿಬಂದು ಗಲಾಟೆಯಾಗುತ್ತಿತ್ತು. ಇದಕ್ಕೆ ಮದ್ದು ಎಂದು ಹೆಡ್ಡಾಫೀಸಿಗೆ ಕಂಪ್ಯೂಟರ್ ಬಂತು. ಅದರ ಕೋಣೆಗೆ ಎ.ಸಿ. ಹಾಕಿಸಿದರು. ನಮ್ಮ ನಿರ್ದೇಶಕರ ಕೋಣೆಯಲ್ಲಿ ಆಗಿನ್ನೂ ಫ್ಯಾನು. ಧೂಳು ಆಗದು ಎಂದು ಬಾಗಿಲಲ್ಲಿ ಪಾದರಕ್ಷೆ ಬಿಡಬೇಕಿತ್ತು. ರಾಗಿ ಕಣಕ್ಕೆ ಬೂಟು ಹಾಕಿಕೊಂಡು ಹೋಗಿದ್ದ ನಾನು ಇಲ್ಲಿ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಕಾಲುಚೀಲದಲ್ಲಿ ತೂತಿದೆಯೇನೋ ಎಂದು ಮನೆಯಲ್ಲೇ ನೋಡಿಕೊಂಡು ಹೊರಡುತ್ತಿದ್ದೆ.

ಆ ಕೋಣೆಯ ಒಡತಿ ಸೆಲ್ವಿ ಮೇಡಂ. ಇಪ್ಪತ್ತೈದು ಇಪ್ಪತ್ತಾರರ ಹೆಣ್ಣುಮಗಳು, ಸೇಲಂ ಕಡೆಯವರು. ಎ.ಸಿ.ಯ ಚಳಿಗೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದರು. ದರ ಲೆಕ್ಕ ಹಾಕುವ ಪ್ರೋಗ್ರಾಂ ಬರೆದವರು ಅವರೇ. ಒಂದೊಂದು ಹೊಲಕ್ಕೂ ಒಂದೊಂದು ಫಾರಂ. ಸರ್ವೆ ನಂಬರು, ವಿಸ್ತೀರ್ಣ, ರಸ್ತೆ ಎಷ್ಟು ದೂರ, ಬಾವಿ ಇದೆಯೇ, ಎತ್ತರವೇ ತಗ್ಗೇ, ಮೇಲೆ ಕರೆಂಟಿನ ತಂತಿ ಹಾದಿದೆಯೇ, ಎಲ್ಲ ತುಂಬಿ ಕಳಿಸಬೇಕು. ಎರಡು ದಿನ ಬಿಟ್ಟು, ಅಂಚಿನಲ್ಲಿ ಸಾಲಾಗಿ ತೂತುಗಳಿರುವ ಉದ್ದನೆಯ ಕಾಗದ ಬರುತ್ತಿತ್ತು. ಅದರಲ್ಲಿ ಸರ್ವೆ ನಂಬರು, ರೈತನ ಹೆಸರು, ಮುಂದೆ ಮೂರು ಮೊತ್ತ. ಮಾತು ಎಲ್ಲಿಂದ ಶುರು ಮಾಡಬೇಕು, ನ್ಯಾಯವಾದದ್ದು ಎಷ್ಟು, ಯಾವುದನ್ನು ದಾಟಬಾರದು. ಅಷ್ಟೇ. ಇಷ್ಟು ದಿನ ವೆಂಕಟೇಶಯ್ಯನವರ ತಲೆಯಲ್ಲಿ ಮಾತ್ರ ಇದ್ದದ್ದು ಈಗ ನನ್ನ ಚೀಲದಲ್ಲಿತ್ತು. ಆ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡಾಗ ನನಗೆ ಎರಡು ಅಂಗುಲ ಎತ್ತರವಾದಂತೆ ಅನ್ನಿಸುತ್ತಿತ್ತು.

ಮೊದಲ ಎರಡು ಹಳ್ಳಿ ಸಲೀಸಾಗಿ ಮುಗಿದವು. ದೊಡ್ಡ ದೊಡ್ಡ ಹಿಡುವಳಿಗಳು, ಮೂರೆಕರೆ, ನಾಲ್ಕೆಕರೆ. ಜನಕ್ಕೂ ಮಿಷನ್ನಿನ ಮೇಲೆ ಏನೋ ಒಂದು ಗೌರವ. ನಾನು ಹೇಳುವುದನ್ನು ಬಿಟ್ಟು "ಮಿಷನ್ ಏನಂತೈತೆ ಸಾರ್?" ಎಂದು ಕೇಳುತ್ತಿದ್ದರು. ಆಂಜಿನಪ್ಪ ಎಂಬ ಹಿರಿಯರು ಮೊತ್ತ ಕೇಳಿಸಿಕೊಂಡು ಸ್ವಲ್ಪ ಯೋಚಿಸಿ, "ನೋಡಪ್ಪ, ಅದಕ್ಕೊಂದ್ ಲೋಟ ಕಾಫಿ ಕುಡ್ಸಿ ಇನ್ನೊಂದ್ಸಲ ಕೇಳು. ಒಟ್ಟೆ ಅಸ್ಕೊಂಡು ಯೋಳ್ದಂಗೈತೆ" ಎಂದರು. ಜಗಲಿ ತುಂಬ ನಗು. ಅಂಥವರ ಜೊತೆ ಚೌಕಾಸಿ ಮಾಡುವುದು ಒಂದು ಸುಖ. ಆ ಜನರನ್ನು ನೆನೆಸಿಕೊಂಡರೆ ಈಗಲೂ ನನಗೆ ಖುಷಿಯಾಗುತ್ತದೆ.

ಮೂರನೆಯ ಹಳ್ಳಿ ಹುಣಸೆಕುಂಟೆ. ಇಲ್ಲಿ ಸಣ್ಣ ಸಣ್ಣ ಹೊಲಗಳು. ಪಿಳ್ಳಮ್ಮನದು ಮೂವತ್ತೆಂಟು ಗುಂಟೆ. ನಮ್ಮಲ್ಲಿ ನಲವತ್ತು ಗುಂಟೆಗೆ ಒಂದೆಕರೆ, ಆದ್ದರಿಂದ ಹೆಚ್ಚುಕಡಿಮೆ ಒಂದೆಕರೆಯೇ. ಪಿಳ್ಳಮ್ಮನಿಗೆ ಐವತ್ತರ ಮೇಲಾಗಿತ್ತು. ಗಂಡ ಪಾಪಣ್ಣ ಮಾತು ಕಡಿಮೆಯ ಮನುಷ್ಯ, ಹೊಲದ ಕೆಲಸ ಅವನದು, ಮಾತಿನ ಕೆಲಸ ಆಕೆಯದು. ಆಕೆ ಮೊದಲೇ ಎಲ್ಲ ಯೋಚಿಸಿ ಇಟ್ಟುಕೊಂಡಿದ್ದಳು. ಅತ್ತಿಬೆಲೆಯ ಆಚೆ ಒಂದೆಕರೆ ಹೊಲ ನೋಡಿ, ಮಾತುಕೊಟ್ಟು ಬಂದಿದ್ದಳು. ನಮ್ಮ ದುಡ್ಡು ಬಂದರೆ ಅದನ್ನು ಕೊಳ್ಳುವುದು, ಗಂಡ ಹೆಂಡತಿ ಅಲ್ಲಿ ಬೇಸಾಯ ಮುಂದುವರಿಸುವುದು. ಆ ಹೊಲದವರು ಹುಣ್ಣಿಮೆಯವರೆಗೆ ಕಾಯುತ್ತೇವೆ ಅಂದಿದ್ದರು.

ನಾನು ಕಾಗದ ಬಿಚ್ಚಿ ಮೊತ್ತ ಓದಿದೆ. ಪಿಳ್ಳಮ್ಮ ಇನ್ನೊಮ್ಮೆ ಓದು ಎಂದಳು. ಓದಿದೆ.

"ಬದಿನಾಚೆ ಮುನಿರಾಜಂದು ಒಂದೆಕ್ರೆ. ಅವನ್ಗೆ ಅಷ್ಟು ಕೊಟ್ಟಿದ್ದೀರ. ನಂದು ಎಲ್ಡ್ ಗುಂಟೆ ಕಮ್ಮಿ. ಅರ್ದಾನೂ ಬರ್ಲಿಲ್ವಲ್ಲಪ್ಪ?"

ಈಗ ನೋಡಿ, ಇಲ್ಲಿಯೇ ನಾನು ತಪ್ಪು ಮಾಡಿದ್ದು. ಆಕೆ ಹೇಳಿದ್ದು ಒಂದು ಕಾಗದದ ಚೂರಿನ ಮೇಲೆ ಭಾಗಾಕಾರ ಮಾಡಿದ್ದರೆ ಗೊತ್ತಾಗುವಂಥದ್ದು. ನಾನು ಭಾಗಾಕಾರ ಮಾಡಲಿಲ್ಲ. ಮಿಷನ್ ಕಡಿಮೆ ಹೇಳಿದೆ ಎಂದ ಮೇಲೆ ಅದಕ್ಕೆ ಕಾರಣ ಇರಲೇಬೇಕು ಎಂದುಕೊಂಡು ಫಾರಂ ತೆಗೆದು ಕಾರಣ ಹುಡುಕಿದೆ. ಸಿಕ್ಕವು. ಹುಡುಕಿದರೆ ಸಿಗದೇ ಇರುತ್ತವೆಯೇ? ಮುನಿರಾಜನದು ಗಾಡಿದಾರಿಗೆ ಹತ್ತಿದ ಹೊಲ, ಈಕೆಯದು ಒಳಗೆ. ಒಂದು ಮೂಲೆಯ ಮೇಲೆ ಕರೆಂಟಿನ ತಂತಿ. ನೆಲ ತಗ್ಗು.

"ಅದಲ್ಲಮ್ಮ, ನಿಮ್ಮ ಹೊಲ ತಗ್ಗಲ್ಲಿದೆ. ನೀರು ನಿಂತು ಮಣ್ಣು ಕೆಟ್ಟಿರುತ್ತೆ. ಫ್ಯಾಕ್ಟರಿ ಕಟ್ಟೋಕೆ ತುಂಬಿಸ್ಬೇಕು, ಪಾಯ ನಿಲ್ಲಲ್ಲ. ಮಿಷನ್ನು ಎಲ್ಲಾನೂ ನೋಡಿನೇ ಹೇಳಿರೋದು" ಎಂದೆ. ಮಣ್ಣು ಕೆಟ್ಟಿದೆ ಎಂದು ಫಾರಂ ಹೇಳಿರಲಿಲ್ಲ, ಮಿಷನ್ನೂ ಹೇಳಿರಲಿಲ್ಲ. ಅದು ನಾನು ಸೇರಿಸಿದ್ದು. ಫಾರಂ ತುಂಬಿದವರು ಸರ್ವೆಯರು, ನಾನು ಆ ಹೊಲಕ್ಕೆ ಹೋಗಿಯೇ ಇರಲಿಲ್ಲ. ಜಗಲಿಯಲ್ಲಿ ಐದಾರು ಜನ ಕೂತಿದ್ದರು, ಅವರೆದುರೇ ಗಟ್ಟಿಯಾಗಿ ಹೇಳಿದೆ.

ಪಿಳ್ಳಮ್ಮ ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ಗಂಡನ ಮುಖ ನೋಡಿದಳು. ಪಾಪಣ್ಣ ನೆಲ ನೋಡುತ್ತಿದ್ದ.

"ಇರ್ಬೋದು ಕಣಪ್ಪ. ಓದ್ದೋರು ನೀವು" ಎಂದು ಹೆಬ್ಬೆಟ್ಟು ಚಾಚಿದಳು.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಸ್ಸು ಹತ್ತಿದೆ. ಒಂದೇ ಸಲಕ್ಕೆ ಮುಗಿಸಿದೆ, ವೆಂಕಟೇಶಯ್ಯನವರಾದರೆ ಮೂರು ಸಲ ಬರಬೇಕಿತ್ತು ಎಂದು ಬೀಗಿದೆ ಕೂಡ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಬೀಗಿದ್ದು ನಿಜ.

ಮೂರನೆಯ ದಿನ ಪತ್ರಗಳು ಮಂಜೂರಾತಿಗೆ ವೆಂಕಟೇಶಯ್ಯನವರ ಮೇಜಿಗೆ ಹೋದವು. ಒಂದು ಗಂಟೆಯೊಳಗೆ ಕರೆ ಬಂತು. ಕನ್ನಡಕ ಹಣೆಗೇರಿಸಿ ಕೂತಿದ್ದರು.

"ಏನಯ್ಯ ನಾಗರಾಜ, ಹುಣಸೆಕುಂಟೆ ಹೆಂಗಸಿನ ಮೂವತ್ತೆಂಟು ಗುಂಟೇನ ಹದಿನೈದು ಗುಂಟೆ ದುಡ್ಡಿಗೆ ಬರೆಸ್ಕೊಂಡು ಬಂದಿದ್ದೀಯಲ್ಲ?"

"ಸಾರ್, ತಗ್ಗು ಸಾರ್. ಮಣ್ಣು..."

"ಮಣ್ಣು ನೋಡಿದ್ಯಾ?"

ಅವರು ಇನ್ನೊಂದೆರಡು ಪತ್ರ ತೆಗೆದು, ಹಿಂದುಗಡೆ ಪೆನ್ಸಿಲ್ಲಿನಲ್ಲಿ ಭಾಗಿಸಿದರು. ಪೂರ್ತಿ ಎಕರೆ ಇದ್ದವರ ದರವೆಲ್ಲ ಸರಿ. ಗುಂಟೆ ಇದ್ದವರದ್ದೆಲ್ಲ ಕಡಿಮೆ. ಇಬ್ಬರೂ ಕಂಪ್ಯೂಟರ್ ಕೋಣೆಗೆ ಹೋಗಿ ಬಾಗಿಲಲ್ಲಿ ಚಪ್ಪಲಿ ಬಿಟ್ಟೆವು. ವೆಂಕಟೇಶಯ್ಯನವರು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಸೆಲ್ವಿ ಮೇಡಂ ಎದ್ದು ನಿಂತರು.

"ಮೂವತ್ತೆಂಟು ಗುಂಟೆ ಅಂತ ಫಾರಂನಲ್ಲಿ ಬರೆದ್ರೆ ನಿಮ್ಮ ಮಿಷನ್ನು ಏನು ತಿಳ್ಕೊಳುತ್ತೆ ತಾಯಿ?"

"ಪಾಯಿಂಟ್ ಮೂವತ್ತೆಂಟು ಎಕರೆ ಸಾರ್. ನೂರರಲ್ಲಿ ಮೂವತ್ತೆಂಟು."

"ನೂರು ಯಾಕೆ?"

"ಎಕರೆಗೆ ನೂರು ಸೆಂಟು ಅಲ್ವಾ ಸಾರ್? ನಮ್ ಊರಲ್ಲಿ ಅಪ್ಪಾವ್ದು ಎರಡು ಎಕರೆ ಇಪ್ಪತ್ತು ಸೆಂಟು ಇದೆ. ನೀವು ಗುಂಟೆ ಅಂತೀರಿ, ನಾವು ಸೆಂಟು ಅಂತೀವಿ, ಎರಡೂ ಒಂದೇ ಅಂದ್ಕೊಂಡೆ..." ಅಷ್ಟು ಹೇಳುವಷ್ಟರಲ್ಲಿ ನಮ್ಮ ಮುಖ ನೋಡಿ ಅವರಿಗೆ ಅರ್ಥವಾಯಿತು. ಸ್ವೆಟರಿನ ತೋಳಿನಿಂದ ಬಾಯಿ ಮುಚ್ಚಿಕೊಂಡರು. "ಗುಂಟೆ ಎಷ್ಟು ಸಾರ್?"

"ನಲವತ್ತು."

ಅವರನ್ನು ಬೈಯುವ ಬಾಯಿ ನನಗಿರಲಿಲ್ಲ. ರೈತನ ಮಗಳು, ಹೊಲ ಬಲ್ಲವರು, ಬಲ್ಲ ಕಾರಣಕ್ಕೇ ಯಾರನ್ನೂ ಕೇಳದೆ ತಪ್ಪಿದ್ದರು. ನಾನು ಕೂಡ ಈ ಊರಿನವನು, ನಲವತ್ತರ ಲೆಕ್ಕ ಚಿಕ್ಕಂದಿನಿಂದ ಬಲ್ಲವನು, ಫಾರಂಗಳನ್ನು ಕೈಯಾರೆ ಕೊಟ್ಟವನು. ಮೊದಲ ಎರಡು ಹಳ್ಳಿಯಲ್ಲಿ ಎಕರೆಗಳ ಹಿಂದೆ ಬಾಲದಂತೆ ಇದ್ದ ಎರಡು ಮೂರು ಗುಂಟೆಯಲ್ಲಿ ವ್ಯತ್ಯಾಸ ಸಣ್ಣದು, ಯಾರ ಕಣ್ಣಿಗೂ ಬೀಳಲಿಲ್ಲ. ಪಿಳ್ಳಮ್ಮನ ಕಣ್ಣಿಗೆ ಬಿದ್ದಿತ್ತು, ಆಕೆಯ ಬಾಯಿ ಮುಚ್ಚಿಸಿದವನು ನಾನು. ಸೆಲ್ವಿ ಮೇಡಂ ಅಂದು ಊಟಕ್ಕೂ ಏಳದೆ ಪ್ರೋಗ್ರಾಂ ತಿದ್ದಿ, ಸಂಜೆಯೊಳಗೆ ಎಲ್ಲ ಹಿಡುವಳಿಗಳ ಹೊಸ ಕಾಗದ ತೆಗೆದುಕೊಟ್ಟರು. ಹಿಂದಿನ ಹಳ್ಳಿಗಳವರಿಗೂ ಕಡಿಮೆ ಬಿದ್ದದ್ದನ್ನು ನಿಗಮ ಆಮೇಲೆ ತುಂಬಿಕೊಟ್ಟಿತು. ವೆಂಕಟೇಶಯ್ಯನವರು ಪಿಳ್ಳಮ್ಮನ ಹಳೆಯ ಪತ್ರವನ್ನು ನನ್ನ ಎದುರೇ ರದ್ದು ಮಾಡಿ, "ಇನ್ನು ನೀನುಂಟು ಆಕೆ ಉಂಟು" ಎಂದರು.

ಹುಣ್ಣಿಮೆಗೆ ಎರಡು ದಿನ ಉಳಿದಿತ್ತು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹುಣಸೆಕುಂಟೆಗೆ ಹೋದೆ. ಹೊಸ ಮೊತ್ತ ಓದಿದೆ, ಆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಪಿಳ್ಳಮ್ಮ ಕುಣಿಯಲಿಲ್ಲ, ಬೈಯಲಿಲ್ಲ.

"ಅತ್ತಿಬೆಲೆಯೋರ್ಗೆ ನಮ್ ಕೈಲಾಗಲ್ಲ ಅಂತ ನಿನ್ನೆ ಯೋಳಿ ಕಳ್ಸಿಬುಟ್ಟೆ" ಎಂದಳು.

ಪಾಪಣ್ಣನನ್ನು ಕರೆದುಕೊಂಡು ಅತ್ತಿಬೆಲೆಯ ಬಸ್ಸು ಹತ್ತಿದೆ. ಆ ಹೊಲದ ಒಡೆಯ ಹುಲ್ಲು ಮೆದೆ ಹಾಕುತ್ತಿದ್ದ. ಬೇರೆಯವರು ಬಂದು ನೋಡಿಕೊಂಡು ಹೋಗಿದ್ದಾರೆ, ನಾಳೆ ಮುಂಗಡ ತರುತ್ತಾರೆ ಎಂದ. ನಾನು ಅವನ ಮುಂದೆ ಅಧಿಕಾರಿಯ ಹಾಗಲ್ಲ, ಹೆಣ್ಣು ಕೇಳಲು ಹೋದವನ ಹಾಗೆ ಕೈಕಟ್ಟಿ ನಿಂತು, ತಪ್ಪು ನಮ್ಮ ಕಚೇರಿಯದು, ಇವರದಲ್ಲ ಎಂದೆ. ಅವನು ಪಾಪಣ್ಣನನ್ನು ನೋಡಿದ. ಅಷ್ಟು ಹೊತ್ತೂ ಬಾಯಿ ಬಿಡದಿದ್ದ ಪಾಪಣ್ಣ, "ನಮ್ಗೆ ಬೇಸಾಯ ಬುಟ್ರೆ ಬ್ಯಾರೆ ಬರಾಕಿಲ್ಲಣ್ಣ" ಎಂದ. ಮೊದಲು ಮಾತುಕೊಟ್ಟವರಿಗೇ ಸರಿ ಎಂದು ಆ ಪುಣ್ಯಾತ್ಮ ಒಪ್ಪಿದ. ಆದರೆ ಹುಣ್ಣಿಮೆಯೊಳಗೆ ನಿಗಮದ ಒಪ್ಪಿಗೆ ಪತ್ರ ತಂದು ತೋರಿಸಬೇಕು ಎಂದ.

ಎಲ್ಲ ಮುಗಿಯಿತು, ಇನ್ನೊಂದು ಹೆಬ್ಬೆಟ್ಟು ಅಷ್ಟೇ ಎಂದುಕೊಂಡು ಹುಣಸೆಕುಂಟೆಗೆ ಮರಳಿ ಹೊಸ ಪತ್ರ ಬಿಚ್ಚಿದೆ. ಪಿಳ್ಳಮ್ಮ ಕೈ ಚಾಚಲಿಲ್ಲ.

"ದುಡ್ಡಿನ್ ತಪ್ಪು ಸರಿಮಾಡ್ದೆ. ಇನ್ನೊಂದು ಅಂದಿದ್ಯಲ್ಲ, ಅದು?"

"ಏನಮ್ಮ?"

"ಮಣ್ಣು ಕೆಟ್ಟೈತೆ ಅಂದೆ. ಎಲ್ರ ಮುಂದೆ ಅಂದೆ. ಮಿಷನ್ ಅಂದ್ಮೇಲೆ ಇರ್ಬೋದು ಅಂತ ನಾನೂ ನಂಬ್ಬುಟ್ಟೆ. ಮೂರ್ ದಿವ್ಸದಿಂದ ವಲದ ಕಡೀಕೆ ಓಗಿಲ್ಲ ಕಣಪ್ಪ. ಮದ್ವೆಯಾಗಿ ಬಂದಾಗ್ಲಿಂದ ಅನ್ನ ಇಕ್ಕಿರೋ ಮಣ್ಣು. ಅದ್ರ ಮ್ಯಾಲೆ ನಂಗೆ ಅನುಮಾನ ಬರೋ ಅಂಗೆ ಮಾಡ್ದೆ ನೀನು."

ಇಷ್ಟು ವರ್ಷಗಳ ನೌಕರಿಯಲ್ಲಿ ಮೇಲಿನವರಿಂದ ಬೈಸಿಕೊಂಡಿದ್ದೇನೆ, ವಿಚಾರಣೆ ನೋಟೀಸು ಪಡೆದಿದ್ದೇನೆ. ಯಾವುದೂ ನನ್ನನ್ನು ಅಷ್ಟು ಚುಚ್ಚಿಲ್ಲ. ಕಣ್ಣಲ್ಲಿ ನೀರು ಬಂತು, ಅದನ್ನು ಆಕೆ ನೋಡಿದಳು.

"ತಪ್ಪಾಯ್ತಮ್ಮ. ಮಣ್ಣು ಒಳ್ಳೇದೇ" ಎಂದೆ.

"ನೋಡ್ದೇನೆ ಕೆಟ್ಟದ್ದು ಅಂದೆ. ಈಗ ನೋಡ್ದೇನೆ ಒಳ್ಳೇದು ಅಂತೀಯಾ?"

ಎದ್ದು ಹೊರಟಳು. ಹಿಂದೆ ನಾನು, ನನ್ನ ಹಿಂದೆ ಪಾಪಣ್ಣ. ಬದುವಿನ ಮೇಲೆ ಚಪ್ಪಲಿ ಬಿಟ್ಟು ಇಳಿದೆ. ರಾಗಿ ಕೊಯ್ದಾಗಿತ್ತು, ಕೂಳೆಯ ನಡುವೆ ರಾಗಿಯ ಜೊತೆಗೇ ಅಕ್ಕಡಿ ಸಾಲಾಗಿ ಬಿತ್ತಿದ್ದ ಅವರೆ ಹಬ್ಬಿತ್ತು. ನಾನು ಕೆಟ್ಟದ್ದು ಎಂದಿದ್ದ ತಗ್ಗಿನ ಮೂಲೆಯಲ್ಲಿ ಅದು ಮೊಣಕಾಲುದ್ದ ಎದ್ದು ಗೊಂಚಲು ಗೊಂಚಲು ಕಾಯಿ ಬಿಟ್ಟಿತ್ತು. ಕಾಲಿಟ್ಟರೆ ಮಣ್ಣು ತಣ್ಣಗೆ, ಮೆತ್ತಗೆ. ಇಬ್ಬನಿ ಕುಡಿದು ಕುಡಿದು ಇಲ್ಲಿನ ಕಾಯಿಗೆ ಸೊಗಡು ಜಾಸ್ತಿ ಎಂದು ಪಾಪಣ್ಣ ತಾನಾಗಿಯೇ ಹೇಳಿದ. ಪಿಳ್ಳಮ್ಮ ಬಗ್ಗಿ ಮಡಿಲು ತುಂಬ ಕಾಯಿ ಕಿತ್ತು ನನ್ನ ಚೀಲಕ್ಕೆ, ಆ ಮಿಷನ್ನಿನ ಕಾಗದದ ಮೇಲೆಯೇ ಸುರಿದಳು. ಅಂಟು ಅಂಟಾದ ಅದರ ವಾಸನೆ ಆ ಕಾಗದದಿಂದ ಎಷ್ಟೋ ದಿನ ಹೋಗಲಿಲ್ಲ.

"ಮನೇಗ್ ತಕೊಂಡೋಗು. ಸಾರು ಮಾಡ್ಸು. ಉಂಡು ಬಂದು ಎಂಗಿತ್ತು ಯೋಳು. ಆಮ್ಯಾಕೆ ಒತ್ತೀನಿ."

"ಅಮ್ಮ, ನಾಳೆಗೆ ಹುಣ್ಣಿಮೆ. ಅತ್ತಿಬೆಲೆಗೆ ಪತ್ರ ತೋರಿಸ್ಬೇಕು."

"ಅಂಗಾದ್ರೆ ಬೆಳಗ್ಗೆ ಬಿರ್‍ನೆ ಬಾ."

ಮನೆಯಲ್ಲಿ ನನ್ನ ಹೆಂಡತಿ ಕಾಯಿ ಸುಲಿಯುತ್ತಲೇ, "ಇದೆಲ್ಲಿ ಸಿಕ್ತು ರೀ? ಮಾರ್ಕೆಟ್ನಲ್ಲಿ ಇಂಥದ್ದು ಬರಲ್ವಲ್ಲ" ಎಂದಳು. ಸಾರು ಕುದಿಯುವಾಗ ಪಕ್ಕದ ಮನೆಯವರು ಬಂದು ಒಂದು ಬಟ್ಟಲು ಕೇಳಿ ತೆಗೆದುಕೊಂಡು ಹೋದರು. ನಾನು ಮುದ್ದೆ ಮುರಿದು ಸಾರಲ್ಲಿ ಅದ್ದಿ ಬಾಯಿಗಿಟ್ಟುಕೊಂಡೆ. ಒಂದು ಹೊಲಕ್ಕೆ ಬೆಲೆ ಕಟ್ಟುವ ಕೆಲಸದಲ್ಲಿ ಅಷ್ಟು ವರ್ಷ ಇದ್ದು, ಹೊಲದ ರುಚಿ ನೋಡಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಜಗಲಿ ತುಂಬಿತ್ತು. ಅಂದು ಕೂತಿದ್ದ ಐದಾರು ಜನರನ್ನೂ ಪಿಳ್ಳಮ್ಮ ಕರೆಸಿ ಕೂರಿಸಿದ್ದಳು. ಪಾಪಣ್ಣ ಒಳ್ಳೆಯ ಪಂಚೆ ಉಟ್ಟು ಅತ್ತಿಬೆಲೆಗೆ ಹೊರಡಲು ಸಿದ್ಧನಾಗಿ ನಿಂತಿದ್ದ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಕೂರದೆ, ನಿಂತುಕೊಂಡೇ ಹೇಳಿದೆ. ನನ್ನ ಹೆಂಡತಿ ಅಂದದ್ದು, ಪಕ್ಕದ ಮನೆಯವರು ಒಂದು ಬಟ್ಟಲು ಕೇಳಿ ಒಯ್ದದ್ದು, ನಾನು ಮೂರು ಸಲ ಸಾರು ಬಡಿಸಿಕೊಂಡದ್ದು, ಎಲ್ಲ. ಕೊನೆಗೆ, "ಆ ಮಣ್ಣಿಗೆ ನಾನು ಅಂದಿದ್ದು ಸುಳ್ಳು. ಮಿಷನ್ ಅನ್ಲಿಲ್ಲ, ನಾನೇ ಅಂದಿದ್ದು. ಚಿನ್ನದಂಥಾ ಮಣ್ಣು ಕಣಮ್ಮ" ಎಂದೆ.

ಪಿಳ್ಳಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಎಲ್ಲರಿಗೂ ಕೇಳಿಸಿತೇ ಎಂದು. ಆಮೇಲೆ ಸೆರಗಿಗೆ ಹೆಬ್ಬೆರಳು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಈಗ ಎಲ್ಲಿ ಒತ್ಬೇಕು ತೋರ್ಸು."